ಒಂದೇ ಅಳತೆಯ ಎಂಜಿನ್, ಎರಡು ಬಗೆಯ ಶಕ್ತಿ

ಮಧ್ಯಮ ಗಾತ್ರದ ಸ್ಪೋರ್ಟ್ಸ್ ಬೈಕ್ ಕೊಳ್ಳಲು ಹೊರಟವರು ನನ್ನ ವರ್ಕ್‌ಶಾಪಿಗೆ ಸಲಹೆ ಕೇಳಲು ಬಂದಾಗ ಮೊದಲು ಎತ್ತುವ ಮಾತು ಹೆಚ್ಚಾಗಿ ಹಾರ್ಸ್‌ಪವರ್‌ನದೇ ಆಗಿರುತ್ತದೆ. ಆಗ ನಾನು ಕವಾಸಾಕಿಯ ಎರಡು ಬೈಕುಗಳ ವಿವರಪಟ್ಟಿಗಳನ್ನು ಅವರ ಮುಂದೆ ಅಕ್ಕಪಕ್ಕ ಇಡುತ್ತೇನೆ. ನಿಂಜಾ 650ರದು ಎರಡು ಸಿಲಿಂಡರ್‌ಗಳ 649 ಸಿಸಿ ಎಂಜಿನ್. ಬೈಕಿನ ತೂಕ 196 ಕೆ.ಜಿ., ಗರಿಷ್ಠ ಟಾರ್ಕ್ 64 ನ್ಯೂಟನ್ ಮೀಟರ್. ಝಡ್‌ಎಕ್ಸ್-6ಆರ್‌ನದು ನಾಲ್ಕು ಸಿಲಿಂಡರ್‌ಗಳ 636 ಸಿಸಿ ಎಂಜಿನ್. ತೂಕ 198 ಕೆ.ಜಿ., ಟಾರ್ಕ್ 69 ನ್ಯೂಟನ್ ಮೀಟರ್. ಗಾತ್ರ, ತೂಕ, ಟಾರ್ಕ್ ಮೂರರಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ. ಆದರೂ ಮೊದಲನೆಯದರ ಶಕ್ತಿ 68 ಪಿಎಸ್ (ಹಾರ್ಸ್‌ಪವರ್‌ನ ಮೆಟ್ರಿಕ್ ಅಳತೆ) ಇದ್ದರೆ ಎರಡನೆಯದರದು ಸುಮಾರು 124 ಪಿಎಸ್.

ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ತಿಳಿದರೆ ಯಾವ ಬೈಕ್ ತನಗೆ ಬೇಕು ಎಂಬುದರಲ್ಲಿ ಅರ್ಧ ತೀರ್ಮಾನವಾದಂತೆಯೇ. ಪಿಸ್ಟನ್‌ಗಳ ಮೇಲೆ-ಕೆಳಗಿನ ಓಟವನ್ನು ಸುತ್ತಾಟವಾಗಿಸುವ ದಂಡವಾದ ಕ್ರ್ಯಾಂಕನ್ನು ಎಂಜಿನ್ ಎಷ್ಟು ಬಲವಾಗಿ ತಿರುಗಿಸುತ್ತದೆ ಎಂಬುದು ಟಾರ್ಕ್. ಆ ಬಲವನ್ನು ನಿಮಿಷಕ್ಕೆ ಎಷ್ಟು ಸುತ್ತುಗಳವರೆಗೆ ಉಳಿಸಿಕೊಳ್ಳಬಲ್ಲದು ಎಂಬುದೂ ಸೇರಿದರೆ ಅದು ಹಾರ್ಸ್‌ಪವರ್. ನ್ಯೂಟನ್ ಮೀಟರ್‌ನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ, ಅಂದರೆ ನಿಮಿಷದ ಸುತ್ತುಗಳ ಸಂಖ್ಯೆಯಿಂದ, ಗುಣಿಸಿ 7024ರಿಂದ ಭಾಗಿಸಿದರೆ ಪಿಎಸ್ ಲೆಕ್ಕ ಸಿಗುತ್ತದೆ. ನಿಂಜಾ 650 ತನ್ನ ಪೂರ್ಣ ಟಾರ್ಕನ್ನು 6,700 ಆರ್‌ಪಿಎಂನಲ್ಲೇ ಕೊಟ್ಟು, 8,000ದಲ್ಲಿ ತನ್ನ ಶಕ್ತಿಯ ಶಿಖರ ಮುಟ್ಟುತ್ತದೆ. ಝಡ್‌ಎಕ್ಸ್-6ಆರ್‌ಗೆ ಆ ಶಿಖರ ಸಿಗುವುದು 13,000 ಆರ್‌ಪಿಎಂನಲ್ಲಿ. ಅದರ ಸ್ಟ್ರೋಕ್ ಕೇವಲ 45.1 ಮಿ.ಮೀ. ಇರುವುದರಿಂದಲೇ, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಸಾಗುವ ದೂರ ಕಡಿಮೆ ಇರುವುದರಿಂದಲೇ, ಅಷ್ಟು ವೇಗವಾಗಿ ತಿರುಗುವುದು ಸಾಧ್ಯವಾಗಿದೆ. ನಿಂಜಾ 650ರ ಸ್ಟ್ರೋಕ್ 60 ಮಿ.ಮೀ.; ಅದನ್ನು 13,000ಕ್ಕೆ ಓಡಿಸಿದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 26 ಮೀಟರ್ ಆಗುತ್ತದೆ, ಅಂಥ ಹೊರೆಗೆಂದು ಆ ಎಂಜಿನ್ನನ್ನು ಕಟ್ಟಿಲ್ಲ.

ಪಟ್ಟಿಯಲ್ಲಿ ಕಾಣದ ಪರಿಣಾಮ ನಮ್ಮ ರಸ್ತೆಗಳಲ್ಲಿ ಕಾಣುತ್ತದೆ. ದಿನವೂ ವೈಟ್‌ಫೀಲ್ಡಿಗೆ ಹೋಗಿಬರುವ ಯುವಕರೊಬ್ಬರು ತಮ್ಮ ನಾಲ್ಕು ಸಿಲಿಂಡರ್ ಬೈಕನ್ನು ನನ್ನ ಬಳಿ ತಂದು, "ಸಾರ್, ಆರ್‌ಪಿಎಂ ಏರತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ" ಎಂದರು. ಕ್ಲಚ್ ಕವರ್ ಬಿಚ್ಚುತ್ತಿದ್ದಂತೆಯೇ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಉಕ್ಕಿನ ಪ್ಲೇಟುಗಳು ನೀಲಿಗಟ್ಟಿದ್ದವು, ಫ್ರಿಕ್ಷನ್ ಪ್ಲೇಟುಗಳು ಕನ್ನಡಿಯಂತೆ ನುಣುಪಾಗಿದ್ದವು. ಬೈಕಿನಲ್ಲಿ ಯಾವ ದೋಷವೂ ಇರಲಿಲ್ಲ. ಇಂಥ ಬೈಕುಗಳು ಮೊದಲ ಗಿಯರ್‌ನಲ್ಲೇ ಗಂಟೆಗೆ 100 ಕಿ.ಮೀ. ದಾಟುವಂತೆ ಗಿಯರ್ ಅನುಪಾತವನ್ನು ಇಟ್ಟಿರುತ್ತಾರೆ. ಆದುದರಿಂದ ಮಾರತಹಳ್ಳಿಯ ಸೇತುವೆಯ ಬಳಿ ನಡಿಗೆಯ ವೇಗದಲ್ಲಿ ಸಾಗಬೇಕಾದಾಗ ಸವಾರರು ಹಾಫ್ ಕ್ಲಚ್ಚಿನಲ್ಲೇ, ಅಂದರೆ ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ, ಇರಬೇಕಾಗುತ್ತದೆ, ಮತ್ತು ಆ ಹೊತ್ತಿನ ಶಾಖವೆಲ್ಲ ಪ್ಲೇಟುಗಳ ಪಾಲಾಗುತ್ತದೆ.

ನಮ್ಮ ಊರಿನ ಎತ್ತರದ ಲೆಕ್ಕ ಇನ್ನೊಂದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಶೇಕಡಾ 10ರಷ್ಟು ಕಡಿಮೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಪ್ರತಿ ಉಸಿರಿಗೂ ಅಷ್ಟು ಕಡಿಮೆ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ; ಕಾಗದದ ಮೇಲಿನ 68 ಪಿಎಸ್ ಇಲ್ಲಿ 61ರ ಆಸುಪಾಸಿಗೆ ಬರುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಗಾಳಿಯ ಒತ್ತಡವನ್ನು ಅಳೆದು ಅದಕ್ಕೆ ತಕ್ಕಂತೆ ಪೆಟ್ರೋಲನ್ನು ಕಡಿಮೆ ಮಾಡುತ್ತದೆ, ಇಲ್ಲದ ಗಾಳಿಯನ್ನು ಅದು ತಂದುಕೊಡಲಾರದು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಹೋಗಿಬಂದವರು "ಅಲ್ಲಿ ಗಾಡಿಯ ಪಿಕಪ್ಪೇ ಬೇರೆ" ಎನ್ನುವುದು ಬರಿಯ ಭ್ರಮೆಯಲ್ಲ.

ಇದೇ ಎತ್ತರದಿಂದಾಗಿ ನಮ್ಮ ಅಡುಗೆಮನೆಯ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಆದರೆ ಮುಚ್ಚಳದ ರಬ್ಬರ್ ಸವೆದರೆ ಆ ರಕ್ಷಣೆ ಹೋಯಿತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಫ್ಯಾನ್ ತಿರುಗಲಾರಂಭಿಸಿದರೆ ಗಾಬರಿಪಡಬೇಕಾಗಿಲ್ಲ, ಅದು ಮಾಡಬೇಕಾದ ಕೆಲಸವೇ ಅದು. ನಾನು ಕೈಮುಗಿದು ಕೇಳಿಕೊಳ್ಳುವುದು ಒಂದನ್ನೇ: ಕೂಲಂಟ್ ಕಡಿಮೆಯಾಯಿತೆಂದು ಬೋರ್‌ವೆಲ್ ನೀರು ಸುರಿಯಬೇಡಿ. ಬಚ್ಚಲಿನ ಬಕೆಟ್ಟಿಗೆ ಹಿಡಿಯುವ ಬಿಳಿಯ ಪದರವೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟಿಕೊಳ್ಳುತ್ತದೆ.

ಟೈರ್ ಮತ್ತು ಬ್ರೇಕುಗಳ ವಿಷಯದಲ್ಲಿ ಈ ವರ್ಗದ ಬೈಕುಗಳು ಒಟ್ಟಾರೆ ಚೆನ್ನಾಗಿಯೇ ಇವೆ. ನಿಂಜಾ 650ಕ್ಕೆ ಮುಂದೆ 32, ಹಿಂದೆ 36 ಪಿಎಸ್‌ಐ ಗಾಳಿ ಹೇಳಿದೆ. ಟೈರ್ ತಣ್ಣಗಿರುವಾಗ ನೋಡಿಸಬೇಕು. ನೆಲದಿಂದ ಅದರ ಎತ್ತರ 130 ಮಿ.ಮೀ. ಮಾತ್ರ, ಆದ್ದರಿಂದ ಬಡಾವಣೆಗಳ ಹಂಪುಗಳನ್ನು, ಹಿಂದೆ ಒಬ್ಬರು ಕುಳಿತಿದ್ದಾಗಲಂತೂ, ನಿಧಾನವಾಗಿಯೇ ದಾಟಿಸಬೇಕು.

ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ವಾರದ ಐದು ದಿನ ಆಫೀಸಿಗೂ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೂ ಒಂದೇ ಬೈಕ್ ಬೇಕಾದವರಿಗೆ ಎರಡು ಸಿಲಿಂಡರ್‌ಗಳದೇ ಸರಿ. ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಬಿಡುತ್ತಿಲ್ಲ, ಹಾಗಿರುವಾಗ 13,000 ಆರ್‌ಪಿಎಂವರೆಗೆ ಎಂಜಿನ್ ಏರಿಸಲು ಟ್ರ್ಯಾಕಿಗೇ ಹೋಗಬೇಕು. ಟ್ರ್ಯಾಕಿಗೆ ನಿಯಮವಾಗಿ ಹೋಗುವವರು ನಾಲ್ಕು ಸಿಲಿಂಡರ್ ಬೈಕನ್ನು ಸಂತೋಷದಿಂದ ಕೊಳ್ಳಲಿ. ಟೆಸ್ಟ್ ರೈಡಿಗೆ ಹೋದಾಗ ಖಾಲಿ ರಸ್ತೆಯೊಂದರಲ್ಲಿ ಮೂರನೇ ಗಿಯರ್‌ಗೆ ಹಾಕಿ, ಗಂಟೆಗೆ 40 ಕಿ.ಮೀ.ನಿಂದ ಆಕ್ಸಿಲರೇಟರನ್ನು ಮೆಲ್ಲಗೆ ತಿರುವಿ ನೋಡಿ. ಗಿಯರ್ ಇಳಿಸದೆಯೇ ಬೈಕ್ ನಿಮ್ಮನ್ನು ಎಳೆದೊಯ್ದರೆ, ಈ ಊರಿನಲ್ಲಿ ದಿನವೂ ನಿಮಗೆ ಬೇಕಾಗುವ ಶಕ್ತಿ ಅದೇ.