ಈಡಿನಿಂದ ಒಲೆಯವರೆಗೆ: ಕಾಡುಮೊಲದ ಮಾಂಸ ಕೆಡುವುದೆಲ್ಲಿ, ಉಳಿಯುವುದೆಲ್ಲಿ

ಇಂಗ್ಲೆಂಡಿನಲ್ಲಿ ನಾನು ಪಶುವೈದ್ಯನಾಗಿ ಮಾಂಸ ಪರೀಕ್ಷಿಸುವ ಬೇಟೆಮಾಂಸ ಘಟಕವೊಂದಕ್ಕೆ ಜುಲೈ ತಿಂಗಳ ಒಂದು ಮಧ್ಯಾಹ್ನ, ರೈತರ ಹೊಲಗಳಲ್ಲಿ ಮೊಲ ಹೊಡೆಯುವ ಒಬ್ಬರು ಹದಿನಾಲ್ಕು ಮೊಲಗಳನ್ನು ತಂದಿಳಿಸಿದರು. ಒಂದೊಂದಕ್ಕೂ ಕಣ್ಣು ಮತ್ತು ಕಿವಿಯ ನಡುವೆ ಒಂದೇ ಗುಂಡು ತಾಗಿತ್ತು. ಅಷ್ಟು ಅಚ್ಚುಕಟ್ಟಾದ ಗುರಿಯನ್ನು ನಾನು ಕಂಡದ್ದು ಕಡಿಮೆ. ಆದರೆ ಬೆಳಗಿನ ಜಾವ ಹೊಡೆದ ಆ ಮೊಲಗಳನ್ನು ಅವರು ಹೊಟ್ಟೆ ಸೀಳದೆ, ಬಿಸಿ ಆರಿಸದೆ, ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಒತ್ತಾಗಿ ತುಂಬಿ ವಾಹನದ ಹಿಂಭಾಗದಲ್ಲಿ ಇಟ್ಟುಕೊಂಡು ಬಂದಿದ್ದರು. ಚೀಲದ ಬಾಯಿ ಬಿಚ್ಚಿದಾಗ ಕೈಗೆ ಬಿಸಿ ಹಬೆ ತಾಗಿತು, ಹುಳಿತ ಹುಲ್ಲಿನ ವಾಸನೆ ಬಂತು. ಚರ್ಮ ಸುಲಿದು ನೋಡಿದರೆ ಹೊಟ್ಟೆಯ ತೆಳು ಪದರವೆಲ್ಲ ಹಸಿರುಗಟ್ಟಿತ್ತು. ಹದಿನಾಲ್ಕನ್ನೂ ನಾನು ತಿರಸ್ಕರಿಸಬೇಕಾಯಿತು. ಬೆಳೆ ಉಳಿಸಲೆಂದು ಜೀವ ತೆಗೆದ ಮೇಲೆ ಆ ಮಾಂಸ ಯಾರ ಹೊಟ್ಟೆಗೂ ಸೇರದೆ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ. ಆದ್ದರಿಂದಲೇ, ಮೊಲವನ್ನು ಹೊಡೆಯುವವರೂ ಅಡುಗೆ ಮಾಡುವವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಾಗಿ ಉತ್ತರಿಸುತ್ತಿದ್ದೇನೆ. ಈ ಎರಡು ಕೆಲಸಗಳನ್ನು ಬೇರೆ ಬೇರೆ ಎಂದು ಭಾವಿಸುವುದರಿಂದಲೇ ಮಾಂಸ ಹಾಳಾಗುತ್ತದೆ.

ಮೊದಲಿಗೆ ಯಾವ ಪ್ರಾಣಿಯ ಮಾತು ಎಂಬುದು ಸ್ಪಷ್ಟವಾಗಬೇಕು. ಕನ್ನಡದಲ್ಲಿ ನಾವು ಮೊಲ ಎಂಬ ಒಂದೇ ಪದದಿಂದ ಎರಡು ಬೇರೆ ಪ್ರಾಣಿಗಳನ್ನು ಕರೆಯುತ್ತೇವೆ. ಭಾರತದ ಕುರುಚಲು ಕಾಡುಗಳಲ್ಲಿ ಕಾಣುವ ಮೊಲ ಬಿಲ ತೋಡುವುದಿಲ್ಲ. ಅದರ ಮರಿ ಕಣ್ಣು ಬಿಟ್ಟುಕೊಂಡು, ಮೈತುಂಬ ಕೂದಲಿನೊಂದಿಗೆ ಹುಟ್ಟುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವ ಅದನ್ನು ಬೇಟೆಯಾಡುವುದು ಅಪರಾಧ. ನಾನು ಹೇಳುತ್ತಿರುವುದು ಐಬೀರಿಯಾ ಪರ್ಯಾಯದ್ವೀಪದ ಮೂಲದ, ಗುಂಪಾಗಿ ಬಿಲಗಳಲ್ಲಿ ಬಾಳುವ, ಕಣ್ಣು ಮುಚ್ಚಿದ ಬೆತ್ತಲೆ ಮರಿಗಳನ್ನು ಹಾಕುವ ಯುರೋಪಿನ ಮೊಲದ ವಿಷಯ. ಬ್ರಿಟನ್ನಿಗೆ ಅದು ಹೊರಗಿನಿಂದ ಬಂದ ಪ್ರಾಣಿ. ನಾರ್ಮನ್ನರ ಕಾಲದ ನಂತರ ಶ್ರೀಮಂತರ ಊಟಕ್ಕೆಂದು ಮಣ್ಣಿನ ದಿಬ್ಬ ಕಟ್ಟಿ, ಕಾವಲಿಟ್ಟು ಸಾಕುತ್ತಿದ್ದ ಈ ಪ್ರಾಣಿ ಮುಂದೆ ಹೊಲಗಳ ಪಿಡುಗಾಯಿತು.

ಪಿಡುಗು ಎಂಬ ಮಾತು ಅತಿಶಯವಲ್ಲ. ಹೆಣ್ಣು ಮೊಲದ ಗರ್ಭಾವಧಿ 28ರಿಂದ 31 ದಿನಗಳಲ್ಲಿ ಮುಗಿಯುತ್ತದೆ. ಮರಿ ಹಾಕಿದ ಒಂದು ದಿನದೊಳಗೇ ಅದು ಮತ್ತೆ ಗಬ್ಬವಾಗಬಲ್ಲದು. ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿಗಳು. ಆ ಮರಿಗಳು ನಾಲ್ಕು ತಿಂಗಳ ಹೊತ್ತಿಗೆ ತಾವೇ ಪ್ರಾಯಕ್ಕೆ ಬರುತ್ತವೆ. ಸುಮಾರು ಹತ್ತು ಮೊಲಗಳು ಒಂದು ಕುರಿಯಷ್ಟು ಮೇಯುತ್ತವೆ ಎಂದು ಕುರಿ ಸಾಕುವವರು ಲೆಕ್ಕ ಹಾಕುತ್ತಾರೆ. ಗೋಧಿ ಹೊಲದಲ್ಲಿ ಬೇಲಿಯ ಬುಡದಿಂದ ಅರ್ಧಚಂದ್ರಾಕಾರವಾಗಿ ಬೆಳೆ ಬೋಳಾಗಿರುವುದನ್ನು ಕಂಡರೆ ಬಿಲದ ಬಾಯಿ ಎಲ್ಲಿದೆ ಎಂದು ಹುಡುಕಬೇಕಾಗಿಯೇ ಇಲ್ಲ. ಹಿಮ ಬಿದ್ದ ವಾರಗಳಲ್ಲಿ ಎಳೆಯ ಮರಗಳ ತೊಗಟೆಯನ್ನು ಸುತ್ತಲೂ ಕೆರೆದು ತಿನ್ನುವುದರಿಂದ ತೋಟಕ್ಕೆ ತೋಟವೇ ಒಣಗಿದ್ದುಂಟು. ಬ್ರಿಟನ್ನಿನ 1880ರ ಕಾಯ್ದೆಯೊಂದು ಉಳುವವನಿಗೆ ತನ್ನ ಭೂಮಿಯ ಮೊಲಗಳನ್ನು ಕೊಲ್ಲುವ ಹಕ್ಕನ್ನು ಕೊಟ್ಟಿತು. 1954ರ ಪಿಡುಗುಗಳ ಕಾಯ್ದೆ ಆ ಹಕ್ಕನ್ನು ಬಹುಮಟ್ಟಿಗೆ ಕರ್ತವ್ಯವಾಗಿಯೇ ಮಾರ್ಪಡಿಸಿತು. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ವಿಕ್ಟೋರಿಯಾದ ತನ್ನ ಎಸ್ಟೇಟಿಗೆ ಬೇಟೆಯ ವಿನೋದಕ್ಕೆಂದು ತರಿಸಿದ ಎರಡು ಡಜನ್ನಿನಷ್ಟು ಮೊಲಗಳ ಸಂತತಿ ದೇಶದ ಬಹುಭಾಗಕ್ಕೆ ಹಬ್ಬಿಬಿಟ್ಟಿತು. ಅವುಗಳನ್ನು ತಡೆಯಲು 1,800 ಕಿಲೋಮೀಟರಿಗೂ ಉದ್ದದ ಬೇಲಿ ಕಟ್ಟಿದರು. ಕೊನೆಗೆ 1950ರಲ್ಲಿ ಮೊಲಗಳಿಗೆ ಮಾರಕವಾದ ಮಿಕ್ಸೊಮಾ ವೈರಸ್ಸನ್ನೇ ಬಿಟ್ಟರು.

ಇಷ್ಟೆಲ್ಲ ಇದ್ದರೂ, ಕೋವಿಯೊಂದರಿಂದಲೇ ಮೊಲದ ಸಂಖ್ಯೆ ಇಳಿಯುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಬಿಲಗಳನ್ನು ಮುಚ್ಚದೆ, ಹೊಲದ ಸುತ್ತ ತಂತಿಬೇಲಿ ಹಾಕದೆ, ತಿಂಗಳಿಗೊಮ್ಮೆ ಬಂದು ಹತ್ತು ಹೊಡೆದು ಹೋದರೆ ಅವುಗಳ ಜಾಗವನ್ನು ಮುಂದಿನ ಸೂಲಿನ ಮರಿಗಳು ತುಂಬುತ್ತವೆ. ಬೇರೆ ಕ್ರಮಗಳಿಂದ ಸಂಖ್ಯೆ ಇಳಿದ ಮೇಲೆ ಉಳಿದವುಗಳನ್ನು ಹಿಡಿತದಲ್ಲಿಡಲು ಬಂದೂಕು ಬಹಳ ಉಪಯುಕ್ತ. ಚಳಿಗಾಲದ ಕೊನೆಯಲ್ಲಿ, ಮರಿಗಳ ಕಾಲ ಬಿರುಸಾಗುವ ಮುನ್ನ ಹೊಡೆಯುವುದು ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಆಗ ಸಂಖ್ಯೆ ವರ್ಷದಲ್ಲೇ ಕಡಿಮೆಯಾಗಿರುತ್ತದೆ ಮತ್ತು ಒಂದು ಹೆಣ್ಣು ಕಡಿಮೆಯಾದರೆ ಆ ವರ್ಷದ ಹಲವು ಸೂಲುಗಳೇ ಇಲ್ಲವಾಗುತ್ತವೆ. ಇದಕ್ಕೊಂದು ಮಾನವೀಯ ಕಾರಣವೂ ಇದೆ. ಹೊಟ್ಟೆಯ ಚರ್ಮ ಸುಲಿಯುವಾಗ ಹಾಲು ತುಂಬಿದ ಕೆಚ್ಚಲಿನ ಪಟ್ಟಿ ಕಂಡರೆ ಎಲ್ಲೋ ಒಂದು ಬಿಲದಲ್ಲಿ ಕಣ್ಣು ಬಿಡದ ಮರಿಗಳು ಹಸಿವಿನಿಂದ ಸಾಯುತ್ತಿವೆ ಎಂದೇ ಅರ್ಥ. ಆ ದೃಶ್ಯವನ್ನು ನೋಡಿದವರು ಬೇಸಿಗೆಯ ಬೇಟೆಯನ್ನು ಲಘುವಾಗಿ ಕಾಣಲಾರರು.

ಅಡುಗೆಗೆಂದು ಒಯ್ಯುವವರು ಹೊಡೆಯುವ ಮೊದಲೇ ಜಮೀನಿನವರನ್ನು ಕೇಳಬೇಕಾದ ಒಂದು ಪ್ರಶ್ನೆಯಿದೆ: ಇಲ್ಲಿಯಾಗಲಿ, ಅಕ್ಕಪಕ್ಕದಲ್ಲಾಗಲಿ ವಿಷದ ಆಮಿಷ ಇಟ್ಟಿದ್ದೀರಾ? ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಮೊಲಗಳಿಗೆ ಪಿಂಡೋನ್ ಹಾಗೂ 1080 ಎಂಬ ವಿಷಗಳನ್ನು ಬಳಸುತ್ತಾರೆ. ಪಿಂಡೋನ್ ತಿಂದ ಮೊಲ ಕೆಲವು ದಿನ ಓಡಾಡಿಕೊಂಡೇ ಇರಬಲ್ಲದು. ನೋಡಿ ಪತ್ತೆಹಚ್ಚುವ ಬಗೆ ಇಲ್ಲ. ಉತ್ತರ ಖಚಿತವಾಗಿ ಸಿಗದಿದ್ದರೆ ಆ ಮೊಲ ನಿಮ್ಮ ಊಟಕ್ಕಲ್ಲ, ನಿಮ್ಮ ನಾಯಿಯ ಊಟಕ್ಕೂ ಅಲ್ಲ.

ಇನ್ನು ಈಡಿನ ವಿಷಯ. ಬ್ರಿಟನ್ನಿನಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಪಾಯಿಂಟ್ 22 (0.22 ಇಂಚು ನಳಿಕೆಯ) ರೈಫಲ್ಲನ್ನು, ಅದರಲ್ಲೂ ಶಬ್ದಕ್ಕಿಂತ ನಿಧಾನವಾಗಿ ಸಾಗುವ ತೋಟಾಗಳನ್ನು. ಅದಕ್ಕೆ ಪೊಲೀಸರ ಪರವಾನಗಿ ಬೇಕು. ಗುಂಡಿನ ಶಕ್ತಿ 12 ಅಡಿ-ಪೌಂಡಿನೊಳಗಿರುವ ಏರ್ ರೈಫಲ್ಲಿಗೆ (ಗಾಳಿಯ ಒತ್ತಡದ ಕೋವಿಗೆ) ಇಂಗ್ಲೆಂಡಿನಲ್ಲಿ ಪರವಾನಗಿ ಬೇಡ, ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯಿಂದ ಬೇಕು. ಏರ್ ರೈಫಲ್ಲಿನಿಂದ ಮೂವತ್ತು ಮೀಟರಿನಾಚೆ ಹೊಡೆಯಬಾರದು ಎಂಬುದು ನನ್ನ ಅಭಿಪ್ರಾಯ. ಪಾಯಿಂಟ್ 22 ಸಣ್ಣದೆಂದು ಕಾಣುವ ಗುಂಡು ಒಂದು ಕಿಲೋಮೀಟರಿಗೂ ದೂರ ಹೋಗಬಲ್ಲದು ಮತ್ತು ಕಲ್ಲಿಗೋ ನೀರಿಗೋ ಗಟ್ಟಿ ನೆಲಕ್ಕೋ ತಾಗಿ ದಿಕ್ಕು ಬದಲಿಸಿ ಹಾರುವುದರಲ್ಲಿ ಕುಖ್ಯಾತವಾದದ್ದು; ಆದ್ದರಿಂದ ಮೊಲದ ಹಿಂದೆ ಮೆತ್ತನೆಯ ಮಣ್ಣಿನ ದಿಬ್ಬ ಕಾಣದಿದ್ದರೆ ಕೋವಿಯ ಕುದುರೆ (ಟ್ರಿಗರ್) ಒತ್ತಲೇಬಾರದು. ಗುರಿ ಯಾವಾಗಲೂ ತಲೆಗೆ. ಹೊಟ್ಟೆಗೆ ಬಿದ್ದರೆ ಪ್ರಾಣಿ ನರಳಿಕೊಂಡು ಬಿಲ ಸೇರುತ್ತದೆ. ಕೈಗೆ ಸಿಕ್ಕರೂ ಕರುಳಿನ ರಸವೆಲ್ಲ ಮಾಂಸಕ್ಕೆ ಹರಡಿರುತ್ತದೆ. ಚರೆಯ ಬಂದೂಕಿನಿಂದ ಹೊಡೆದ ಮೊಲದಲ್ಲಿ ಚರೆಯೊಂದಿಗೆ ಕೂದಲಿನ ಎಳೆಗಳೂ ತೊಡೆಯೊಳಗೆ ಹೊಕ್ಕಿರುತ್ತವೆ. ಸೀಸದ ಚರೆಯಾದರೆ ಕಣ್ಣಿಗೆ ಕಾಣದ ಚೂರುಗಳೂ ಉಳಿಯುತ್ತವೆ. ಸೀಸದಿಂದ ಹೊಡೆದ ಬೇಟೆಮಾಂಸವನ್ನು ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಆದಷ್ಟು ಕಡಿಮೆ ತಿನ್ನಬೇಕೆಂದು ಬ್ರಿಟನ್ನಿನ ಆಹಾರ ಇಲಾಖೆಯೇ ಸಲಹೆ ನೀಡಿದೆ.

ಮೊಲ ಬಿದ್ದ ಮೇಲೆ ಮಾಂಸದ ಹಣೆಬರಹ ಮುಂದಿನ ಒಂದೆರಡು ಗಂಟೆಗಳಲ್ಲಿ ತೀರ್ಮಾನವಾಗುತ್ತದೆ. ಸತ್ತದ್ದನ್ನು ಖಚಿತಪಡಿಸಿಕೊಂಡ ಕೂಡಲೇ ತಲೆ ಮೇಲಾಗಿ ಹಿಡಿದು, ಹೆಬ್ಬೆರಳಿನಿಂದ ಹೊಟ್ಟೆಯ ಕೆಳಭಾಗವನ್ನು ಬಾಲದ ಕಡೆಗೆ ಒತ್ತಿ ಮೂತ್ರವನ್ನು ಹೊರಹಾಕಬೇಕು. ಇದನ್ನು ಮರೆತರೆ ಮೂತ್ರಕೋಶ ಒಡೆದು ಬೆನ್ನಿನ ಒಳಭಾಗದ ಅತಿ ಮೃದುವಾದ ಮಾಂಸಕ್ಕೇ ವಾಸನೆ ಹತ್ತುತ್ತದೆ. ಮೊಲದ ಹೊಟ್ಟೆಯಲ್ಲಿ ಹುಲ್ಲನ್ನು ಹುದುಗಿಸುವ ದೊಡ್ಡ ಕುರುಡುಗರುಳು ಇದೆ. ಪ್ರಾಣಿ ಸತ್ತ ಮೇಲೂ ಆ ಹುದುಗುವಿಕೆ ನಿಲ್ಲುವುದಿಲ್ಲ. ಅದರಿಂದಲೇ ಬಿಸಿ, ಅದರಿಂದಲೇ ಹಸಿರು ಬಣ್ಣ. ಆದ್ದರಿಂದ ಬೆಚ್ಚಗಿನ ದಿನಗಳಲ್ಲಿ ಹೊಲದಲ್ಲಿಯೇ ಹೊಟ್ಟೆ ಬಿಡಿಸಬೇಕು. ಚರ್ಮವನ್ನು ಚಿವುಟಿ ಮೇಲೆತ್ತಿ, ಚಾಕುವಿನ ಅಲಗು ಮೇಲ್ಮುಖವಾಗಿರುವಂತೆ ಸಣ್ಣಗೆ ಸೀಳಿ, ಎರಡು ಬೆರಳುಗಳ ನಡುವೆ ಅಲಗನ್ನು ನಡೆಸಿದರೆ ಕರುಳು ಕೊಯ್ದುಹೋಗುವ ಭಯವಿಲ್ಲ. ಒಳಾಂಗಗಳು ಜಾರಿ ಹೊರಬರುತ್ತವೆ. ನಂತರ ಒಂದು ಹಿಂಗಾಲಿನ ಮೂಳೆಗೂ ಸ್ನಾಯುರಜ್ಜುವಿಗೂ ನಡುವೆ ಸೀಳು ಮಾಡಿ, ಅದರೊಳಗೆ ಇನ್ನೊಂದು ಕಾಲನ್ನು ತೂರಿಸಿ, ಕೋಲಿಗೆ ಒಂದಕ್ಕೊಂದು ತಾಗದಂತೆ ತೂಗುಹಾಕಿ ಗಾಳಿಯಾಡಲು ಬಿಡಬೇಕು. ನೊಣ ಕೂರದಂತೆ ಜಾಳಿಗೆ ಬಟ್ಟೆ ಹೊದಿಸಿ. ಮೈ ತಣ್ಣಗಾಗುತ್ತಿದ್ದಂತೆ ಚಿಗಟಗಳು ಬಿಟ್ಟು ಹೊರಡುತ್ತವೆ, ಅವು ಹೊರಟುಹೋಗಲು ಸಮಯ ಕೊಡಿ. ನಮ್ಮ ಘಟಕಗಳಲ್ಲಿ ಸಣ್ಣ ಬೇಟೆಪ್ರಾಣಿಗಳನ್ನು 4 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಾಗದಂತೆ ಇಡಬೇಕೆಂಬ ನಿಯಮವಿದೆ. ಮನೆಯ ಫ್ರಿಜ್ಜಿಗೂ ಅದೇ ಅಳತೆ.

ನನ್ನ ವೃತ್ತಿಯ ಮುಖ್ಯ ಕೆಲಸ ಈಗ ಬರುವುದು, ಮತ್ತು ಮನೆಯಲ್ಲಿ ಮಾಡುವವರು ಬಹುತೇಕ ಬಿಟ್ಟುಬಿಡುವುದೂ ಇದನ್ನೇ: ಹೊರಬಂದ ಒಳಾಂಗಗಳನ್ನು ಎಸೆಯುವ ಮುನ್ನ ಬೆಳಕಿನಲ್ಲಿ ಹಿಡಿದು ನೋಡುವುದು. ಕೈಗವಸು ಇರಲಿ. ಆರೋಗ್ಯವಂತ ಮೊಲದ ಯಕೃತ್ತು ಕಡುಗೆಂಪು, ನಯವಾದದ್ದು, ಅಂಚು ಚೂಪಾಗಿರುತ್ತದೆ. ಅದರ ಮೇಲೆ ಬಿಳಿ-ಹಳದಿ ಬಣ್ಣದ, ಅಂಕುಡೊಂಕಾದ, ಕೊಂಚ ಉಬ್ಬಿದ ಗಂಟುಗಳಿದ್ದರೆ ಸಾಮಾನ್ಯವಾಗಿ ಅದು ಪರೋಪಜೀವಿಯಿಂದ ಬರುವ ಕಾಕ್ಸಿಡಿಯೋಸಿಸ್ ರೋಗ. ಆ ಪರೋಪಜೀವಿ ಮನುಷ್ಯರಿಗೆ ಹರಡದು, ಯಕೃತ್ತನ್ನು ಬಿಸುಟು, ಮೈ ತುಂಬಿಕೊಂಡಿರುವ ಪ್ರಾಣಿಯಾದರೆ ಮಾಂಸವನ್ನು ಬಳಸಬಹುದು. ಆದರೆ ಯಕೃತ್ತಿನ ಮೇಲೆ ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕೆಗಳು ಚದುರಿದ್ದು, ಗುಲ್ಮವೂ ಊದಿಕೊಂಡಿದ್ದರೆ ಕೈ ತೆಗೆದುಬಿಡಿ. ಅದು ಮನುಷ್ಯರಿಗೂ ತಗಲುವ ಟುಲರೇಮಿಯಾ ಎಂಬ ಬ್ಯಾಕ್ಟೀರಿಯಾ ರೋಗ ಇರಬಹುದು. ಬ್ರಿಟನ್ನಿನಲ್ಲಿ ಅದು ನೆಲೆಸಿಲ್ಲವಾದರೂ ಉತ್ತರ ಅಮೆರಿಕದಲ್ಲಿ ಮತ್ತು ಯುರೋಪಿನ ಹಲವು ದೇಶಗಳಲ್ಲಿ ಇದೆ. ಹತ್ತಿಪ್ಪತ್ತು ಬ್ಯಾಕ್ಟೀರಿಯಾಗಳೂ ರೋಗ ತರಬಲ್ಲವು, ಅದಕ್ಕೆ ಕೈಯ ಒಂದು ಗೀರು ಸಾಕು. ಇಡೀ ಪ್ರಾಣಿಯನ್ನು ಬಿಟ್ಟು, ಪಶುವೈದ್ಯರಿಗೆ ತಿಳಿಸುವುದೇ ಸರಿ. ಹೊಟ್ಟೆಯೊಳಗಿನ ಪದರಕ್ಕೆ ಬಟಾಣಿ ಗಾತ್ರದ ನೀರುಗುಳ್ಳೆಗಳು ಅಂಟಿಕೊಂಡಿದ್ದರೆ ಅವು ನಾಯಿಯ ಲಾಡಿಹುಳುವಿನ ಮರಿರೂಪ. ತೆಗೆದುಹಾಕಿದರೆ ಮಾಂಸಕ್ಕೆ ದೋಷವಿಲ್ಲ, ಆದರೆ ಆ ಕರುಳನ್ನು ನಾಯಿಗೆ ಹಸಿಯಾಗಿ ಎಸೆದರೆ ಹುಳುವಿನ ಚಕ್ರವನ್ನು ನೀವೇ ಪೂರ್ಣಗೊಳಿಸಿದಂತೆ.

ಕಣ್ಣು ಊದಿ, ಕೀವು ಕಟ್ಟಿ, ಕುಳಿತಲ್ಲೇ ಕುಳಿತಿರುವ ಮೊಲ ಮಿಕ್ಸೊಮಾಟೋಸಿಸ್‌ನದ್ದು. 1953ರಲ್ಲಿ ಈ ರೋಗ ಬ್ರಿಟನ್ನಿಗೆ ಬಂದಾಗ ನೂರಕ್ಕೆ ತೊಂಬತ್ತೊಂಬತ್ತರಷ್ಟು ಮೊಲಗಳು ಸತ್ತವು ಎನ್ನುತ್ತಾರೆ. ಅದು ಮನುಷ್ಯರಿಗೆ ತಗಲುವುದಿಲ್ಲ. ಜನರ ಭಯ ಹೋಗಿಸಲು ಫ್ರಾಂಕ್ ಫೆನರ್, ಮ್ಯಾಕ್‌ಫಾರ್ಲೇನ್ ಬರ್ನೆಟ್ ಮತ್ತು ಇಯಾನ್ ಕ್ಲೂನೀಸ್ ರಾಸ್ ಎಂಬ ಮೂವರು ಆಸ್ಟ್ರೇಲಿಯಾದ ವಿಜ್ಞಾನಿಗಳು ಆ ವೈರಸ್ಸನ್ನು ತಮ್ಮ ಮೈಗೇ ಚುಚ್ಚಿಸಿಕೊಂಡಿದ್ದರು. ಅಂಥ ಮೊಲವನ್ನು ನರಳಾಟದಿಂದ ಬಿಡಿಸಲು ಹೊಡೆಯಬಹುದು. ತಿನ್ನಲು ಬೇಡ: ರೋಗದಿಂದ ಸೊರಗಿದ ಯಾವ ಪ್ರಾಣಿಯೂ ಊಟಕ್ಕೆ ಯೋಗ್ಯವಲ್ಲ.

ಹಸಿಗೆ ಮಾಡುವುದು ಕಷ್ಟದ ಕೆಲಸವಲ್ಲ. ಮೊಲದ ಚರ್ಮ ಸಡಿಲ. ಸೊಂಟದ ಬಳಿ ಬೆರಳು ತೂರಿಸಿ ಹಿಂಗಾಲುಗಳನ್ನು ಹೊರಗೆಳೆದರೆ ಉಳಿದದ್ದು ಅಂಗಿ ಕಳಚಿದಂತೆ ತಲೆಯ ಕಡೆಗೆ ಬಂದುಬಿಡುತ್ತದೆ. ಅದಕ್ಕೂ ಮೊದಲು ಕಿವಿಯ ಅಂಚನ್ನು ಹರಿದು ನೋಡಿ. ಸುಲಭವಾಗಿ ಹರಿದರೆ ಎಳೆಯದು, ಚಕ್ಕಳದಂತೆ ಬಿಗಿಯಾಗಿದ್ದರೆ ಮುದಿಯದು. ಅಡುಗೆಯ ಕ್ರಮ ಇದರ ಮೇಲೆಯೇ ನಿಂತಿದೆ. ಮುಂಗಾಲುಗಳು ಎದೆಗೂಡಿಗೆ ಮೂಳೆಯಿಂದ ಕೂಡಿಕೊಂಡಿಲ್ಲ, ಚಾಕು ಸವರಿದರೆ ಬೇರೆಯಾಗುತ್ತವೆ. ತೊಡೆಗಳನ್ನು ಸೊಂಟದ ಕೀಲಿನಲ್ಲಿ ಹಿಂದಕ್ಕೆ ಮುರಿದು ಬಿಡಿಸಿ. ಪಕ್ಕೆಗೂ ತೊಡೆಗೂ ನಡುವಿನ ಬೆನ್ನಿನ ಭಾಗವೇ ಅತ್ಯುತ್ತಮ ಮಾಂಸ. ಅದರ ಮೇಲಿನ ಬೆಳ್ಳನೆಯ ಪೊರೆಯನ್ನು ತೆಳುವಾದ ಚಾಕುವಿನಿಂದ ತೆಗೆಯದಿದ್ದರೆ ಬಿಸಿಗೆ ಅದು ಸುಕ್ಕುಗಟ್ಟಿ ಮಾಂಸವನ್ನು ಹಿಂಡುತ್ತದೆ. ಗುಂಡು ತಾಗಿ ರಕ್ತ ಹೆಪ್ಪುಗಟ್ಟಿದ ಭಾಗವನ್ನು ಸುತ್ತಲೂ ಧಾರಾಳವಾಗಿ ಕೊಯ್ದು ಬಿಸಾಡಿ. ತುಂಡುಗಳನ್ನು ತಣ್ಣನೆಯ ಉಪ್ಪುನೀರಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಉಳಿದ ರಕ್ತ ಬಿಟ್ಟುಕೊಳ್ಳುತ್ತದೆ, ಮಾಂಸ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಕಾಡುಮೊಲದಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಇದೊಂದು ಸಂಗತಿ ನೆನಪಿದ್ದರೆ ಅಡುಗೆ ಅರ್ಧ ಗೆದ್ದಂತೆ. ಕೋಳಿಯಂತೆ ಹುರಿಯಲು ಹೋದವರಿಗೆ ಸಿಗುವುದು ಒಣ ನಾರು. ಮುದಿ ಮೊಲದ ಕಾಲುಗಳನ್ನು ಹಂದಿಯ ಕೊಬ್ಬಿನಲ್ಲೋ ಬೆಣ್ಣೆಯಲ್ಲೋ ಎಲ್ಲ ಕಡೆ ಕಂದು ಬಣ್ಣಕ್ಕೆ ಬಾಡಿಸಿ, ಈರುಳ್ಳಿ, ಸಾಸಿವೆ, ಸೇಬಿನ ಸೈಡರ್ ಇಲ್ಲವೇ ಸಾರುನೀರು ಸೇರಿಸಿ, ಗಟ್ಟಿ ಮುಚ್ಚಳದ ಪಾತ್ರೆಯಲ್ಲಿ ಕುದಿ ಏರದಂತೆ ಒಂದೂವರೆಯಿಂದ ಎರಡೂವರೆ ಗಂಟೆ ಬೇಯಿಸಬೇಕು. ಗಡಿಯಾರಕ್ಕಿಂತ ಚಮಚವನ್ನು ನಂಬಿ: ಚಮಚದ ಹಿಂಬದಿಯಿಂದ ಒತ್ತಿದಾಗ ಮಾಂಸ ಮೂಳೆಯಿಂದ ಜಾರಬೇಕು. ಎಳೆಯ ಮೊಲದ ಬೆನ್ನನ್ನು ಮಾತ್ರ ಬೇರೆಯಾಗಿಟ್ಟು ಬಿಸಿ ಬಾಣಲೆಯಲ್ಲಿ ಕೆಲವೇ ನಿಮಿಷ ಬೇಯಿಸಬಹುದು. ಹೋಟೆಲುಗಳಲ್ಲಿ ಅದನ್ನು ಒಳಗೆ ಗುಲಾಬಿ ಬಣ್ಣ ಉಳಿಯುವಂತೆ ಬಡಿಸುತ್ತಾರೆ. ಕಾಡುಪ್ರಾಣಿಯ ವಿಷಯದಲ್ಲಿ ನಾನದನ್ನು ಒಪ್ಪುವುದಿಲ್ಲ. ಮೊಲದ ಮಾಂಸಕ್ಕೆ ಅಮೆರಿಕದ ಕೃಷಿ ಇಲಾಖೆ ಹೇಳುವ 71 ಡಿಗ್ರಿ ಸೆಲ್ಸಿಯಸ್ ಒಳತಾಪವನ್ನು ನನ್ನ ಮನೆಯಲ್ಲಿ ತಪ್ಪದೆ ಪಾಲಿಸುತ್ತೇವೆ. ಶೀತಲಪೆಟ್ಟಿಗೆಯಲ್ಲಿ ಇಟ್ಟಮಾತ್ರಕ್ಕೆ ಟುಲರೇಮಿಯಾದ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅದನ್ನು ಕೊಲ್ಲುವುದು ಬೆಂಕಿಯೇ.

ಪಕ್ಕೆಲುಬು ಮತ್ತು ಕುತ್ತಿಗೆಯಲ್ಲಿ ತಿನ್ನುವಷ್ಟು ಮಾಂಸವಿಲ್ಲ. ಅವನ್ನು ಈರುಳ್ಳಿ, ಕ್ಯಾರೆಟ್ಟಿನೊಂದಿಗೆ ಎರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿದರೆ ಮುಂದಿನ ಬಾರಿಗೆ ಸಾರುನೀರು ಸಿದ್ಧ. ಸೋಸುವಾಗ ಜರಡಿಯ ತಳವನ್ನು ಬೆರಳಿನಿಂದ ಸವರಿ ನೋಡಿ: ಮೊಲದ ಮೂಳೆ ಗಾಜಿನಂತೆ ಚೂಪಾಗಿ ಸೀಳುತ್ತದೆ, ಚರೆಯ ಬಂದೂಕಿನದಾಗಿದ್ದರೆ ಒಂದೆರಡು ಚರೆಗಳೂ ಅಲ್ಲಿಯೇ ಸಿಗುತ್ತವೆ.