ಪಿತ್ತನಾಳದ ಕ್ಯಾನ್ಸರ್: ಕೀಮೋ ಶುರು ಮಾಡಿದ್ರೆ ನಿಲ್ಲಿಸಬಾರದು ಅಂದೋರು ಯಾರು?

"ಒಂದ್ಸಲ ಕೀಮೋ ಶುರು ಮಾಡಿದ್ರೆ ಅರ್ಧಕ್ಕೆ ನಿಲ್ಲಿಸೋ ಹಾಗಿಲ್ಲ ಅಲ್ವಾ ಡಾಕ್ಟ್ರೇ?" ನನ್ನ ಓಪಿಡಿಯಲ್ಲಿ ಇದನ್ನ ಕೇಳೋರು ಸಾಮಾನ್ಯವಾಗಿ ಪೇಷಂಟ್ ಅಲ್ಲ, ಅಳಿಯನೋ ತಮ್ಮನೋ ಆಗಿರ್ತಾರೆ. ಪೇಷಂಟ್ ಹೊರಗಡೆ ಬೆಂಚ್ ಮೇಲೆ ಕೂತಿರ್ತಾರೆ, ಯಾಕಂದ್ರೆ "ಅವ್ರಿಗೆ ಏನೂ ಹೇಳಿಲ್ಲ, ಟೆನ್ಷನ್ ಮಾಡ್ಕೋತಾರೆ". ಅದು ಇನ್ನೊಂದು ರಗಳೆ, ಆಮೇಲೆ ಬರ್ತೀನಿ.

ಲಿವರ್‌ನಿಂದ ಕರುಳಿಗೆ ಪಿತ್ತರಸ ಸಾಗಿಸೋ ನಾಳದಲ್ಲಿ ಬರೋ ಪಿತ್ತನಾಳದ ಕ್ಯಾನ್ಸರ್, ಅಂದ್ರೆ ಕೊಲಾಂಜಿಯೋಕಾರ್ಸಿನೋಮಾ, ಅಪರೂಪದ್ದು. ಪಕ್ಕದ ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನ ಕಡೆ ಜಾಸ್ತಿ, ನಮ್ಮ ಕಡೆ ಕಮ್ಮಿ. ಹಾಗಾಗಿ ಕಣ್ಣು ಹಳದಿ ಆದ್ರೆ ಮೊದ್ಲು ಯಾರಿಗೂ ಇದು ಹೊಳೆಯಲ್ಲ, ಕಾಮಾಲೆ ಅಂತ ನಾಟಿ ಔಷಧಿ, ಉಪ್ಪಿಲ್ಲದ ಗಂಜಿ, ಪಥ್ಯ, ತಿಂಗಳು ಹೋಗುತ್ತೆ. ನಾಟಿ ಔಷಧಿ ಬಗ್ಗೆ ನಾನು ಜಗಳಕ್ಕೆ ಹೋಗಲ್ಲ, ಆದ್ರೆ ಮೈಯೆಲ್ಲಾ ತುರಿಕೆ, ಮೂತ್ರ ಕಡು ಬಣ್ಣ, ಮಲ ಬಿಳಿಚಿಕೊಂಡಿದೆ ಅಂದ್ರೆ ನಾಳ ಎಲ್ಲೋ ಕಟ್ಕೊಂಡಿರಬಹುದು, ದಯವಿಟ್ಟು ಒಂದು ಅಲ್ಟ್ರಾಸೌಂಡ್ ಮಾಡಿಸಿ. ಬಿಲಿರುಬಿನ್, ಅಂದ್ರೆ ರಕ್ತದಲ್ಲಿ ಕಾಮಾಲೆಯ ಹಳದಿ ಅಂಶ, ತುಂಬಾ ಏರಿದ್ರೆ ಕೀಮೋ ಮಾತೇ ಇಲ್ಲ, ಮೊದ್ಲು ಸ್ಟೆಂಟ್ (ನಾಳ ತೆರೆದಿಡೋ ಸಣ್ಣ ಕೊಳವೆ) ಹಾಕಿ ಇಳಿಸ್ಬೇಕು.

ಸರಿ, ಕೀಮೋ ಕೋರ್ಸ್ ಮುಗಿಸ್ಲೇಬೇಕಾ ಅನ್ನೋ ವಿಷಯ. ಪಕ್ಕದ ಮನೆ ಆಂಟಿಗೆ ಸ್ತನದ ಕ್ಯಾನ್ಸರ್ ಆಪರೇಷನ್ ಆಯ್ತು, ಆಮೇಲೆ ಇಷ್ಟು ಕೀಮೋ ಅಂತ ಲೆಕ್ಕ ಹಾಕಿ ಕೊಟ್ರು, ಮುಗಿಸಿದ್ರು, ಈಗ ಚೆನ್ನಾಗಿದ್ದಾರೆ. ಅಲ್ಲಿ ಲೆಕ್ಕ ಇರೋದು ಯಾಕಂದ್ರೆ ಉದ್ದೇಶ ವಾಸಿ ಮಾಡೋದು, ಅದನ್ನ ಸುಮ್ನೆ ಅರ್ಧಕ್ಕೆ ಬಿಡಬಾರದು ನಿಜ. ಲಿವರ್‌ಗೆಲ್ಲಾ ಹರಡಿರೋ, ಆಪರೇಷನ್ ಆಗದ ಪಿತ್ತನಾಳದ ಕ್ಯಾನ್ಸರ್‌ಗೆ ಕೊಡೋ ಕೀಮೋ ಬೇರೆ. ಇದರ ಕೆಲಸ ತಡೆ ಹಿಡಿಯೋದು. ಟಿಬಿ ಮಾತ್ರೆ ಥರ ಪೂರ್ತಿ ಮುಗಿಸಿದ್ರೆ ವಾಸಿ, ಬಿಟ್ರೆ ದಂಡ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಮೂರು ಸೈಕಲ್ (ಕೀಮೋದ ಒಂದು ಸುತ್ತು) ಅಂದ್ರೆ ಸುಮಾರು ಒಂಬತ್ತು ವಾರ ಕೊಡ್ತೀವಿ, ಸ್ಕ್ಯಾನ್ ಮಾಡ್ತೀವಿ, ಗಡ್ಡೆ ಕುಗ್ಗಿದೆಯಾ ನಿಂತಿದೆಯಾ ಬೆಳೆದಿದೆಯಾ ನೋಡ್ತೀವಿ, ಮನುಷ್ಯ ಹೇಗಿದ್ದಾನೆ ಅಂತಾನೂ ನೋಡ್ತೀವಿ, ಆಮೇಲೆ ಮುಂದಿನ ಮಾತು. ನೀವು ಇವತ್ತು ಹೂಂ ಅಂದ್ರೆ ಹೂಂ ಅಂದಿರೋದು ಆ ಒಂಬತ್ತು ವಾರಕ್ಕೆ ಅಷ್ಟೇ. ಅದರ ಮಧ್ಯೆ ಬೇಡ ಅನ್ನಿಸಿದ್ರೂ ನಿಲ್ಲಿಸಬಹುದು, ನಿಲ್ಲಿಸಿದ್ರೆ ಕ್ಯಾನ್ಸರ್ ಸಿಟ್ಟಾಗಿ ಡಬಲ್ ಸ್ಪೀಡಲ್ಲಿ ಬೆಳೆಯುತ್ತೆ ಅನ್ನೋದೂ ಸುಳ್ಳು. ಇದನ್ನ ಎಷ್ಟು ಸಲ ಹೇಳಿದ್ರೂ ಬಾಗಿಲ ಹತ್ರ ಹೋಗಿ ತಿರುಗಿ "ಒಟ್ಟು ಎಷ್ಟು ಕೀಮೋ ಸರ್?" ಅಂತಾರೆ.

ಲಾಭ ಎಷ್ಟು ಅಂದ್ರೆ, 2010ರಲ್ಲಿ ಬಂದ ಬ್ರಿಟನ್ ಟ್ರಯಲ್‌ನಲ್ಲಿ ಜೆಮ್‌ಸೈಟಬಿನ್ ಅನ್ನೋ ಕೀಮೋ ಔಷಧಿ ಜೊತೆ ಸಿಸ್‌ಪ್ಲಾಟಿನ್ ಅನ್ನೋ ಇನ್ನೊಂದನ್ನ ಕೊಟ್ಟವರ ಮೀಡಿಯನ್ ಬದುಕು 11.7 ತಿಂಗಳು, ಬರೀ ಜೆಮ್‌ಸೈಟಬಿನ್‌ನಲ್ಲಿ 8.1. ಅದೇ ವರ್ಷ ದಿಲ್ಲಿ ಏಮ್ಸ್‌ನವರು ಪಿತ್ತಕೋಶದ ಕ್ಯಾನ್ಸರ್‌ನಲ್ಲಿ ತೋರಿಸಿದ್ದು, ಕೀಮೋ ಇಲ್ಲದೆ ಆರೈಕೆ ಮಾತ್ರ ಅಂದ್ರೆ 4.5 ತಿಂಗಳು, ಜೆಮ್‌ಸೈಟಬಿನ್-ಆಕ್ಸಾಲಿಪ್ಲಾಟಿನ್ ಕೊಟ್ರೆ 9.5. ಮೀಡಿಯನ್ ಅಂದ್ರೆ ಅರ್ಧ ಜನ ಅದಕ್ಕಿಂತ ಮುಂಚೆ, ಅರ್ಧ ಜನ ಅದರಾಚೆ, ಕೆಲವರು ತುಂಬಾ ಆಚೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕೋ ತಾರೀಖಲ್ಲ. ಈಗ ಡುರ್ವಾಲುಮ್ಯಾಬ್ ಅನ್ನೋ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡೋ ಔಷಧಿ) ಸೇರಿಸ್ತಾರೆ, ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ದುಬಾರಿ, ಸೈಟು ಮಾರೋ ಮುಂಚೆ ಕೂತು ಮಾತಾಡಿ. ಬಯಾಪ್ಸಿ ಬ್ಲಾಕ್ (ಗಡ್ಡೆಯಿಂದ ತೆಗೆದು ಮೇಣದಲ್ಲಿ ಇಟ್ಟ ತುಣುಕು) ಮೇಲೆ ಜೀನ್ ಟೆಸ್ಟ್ ಮಾಡಿದ್ರೆ ಕೆಲವರ ಗಡ್ಡೆಯಲ್ಲಿ ಮಾತ್ರೆಯಿಂದ ತಡೆಯೋಕೆ ಆಗೋ ಜೀನ್ ಬದಲಾವಣೆ ಇರುತ್ತೆ, ಅದನ್ನೂ ಕೇಳಿ.

ಸಕಲೇಶಪುರದ ಕಡೆ ಕಾಫಿ ಎಸ್ಟೇಟ್‌ನಲ್ಲಿ ರೈಟರ್ ಆಗಿದ್ದ ಹಿರಿಯರೊಬ್ಬರು ನನ್ನ ಪೇಷಂಟ್. ಆಳುಗಳ ಹಾಜರಿ ಬರೆದು ಬರೆದು ಅಭ್ಯಾಸ, ಕೀಮೋ ಶುರುವಾದ ಮೇಲೆ ತಮಗೂ ಒಂದು ಚೆಕ್‌ರೋಲ್ ಇಟ್ಟಿದ್ರು. ಊಟ ಸೇರಿದ ದಿನಕ್ಕೆ ರೈಟ್ ಮಾರ್ಕು, ಮಲಗೇ ಇದ್ದ ದಿನಕ್ಕೆ ಇಂಟು, ಆಸ್ಪತ್ರೆಗೆ ಬಂದು ಹೋದ ದಿನಕ್ಕೆ ಸೊನ್ನೆ. ಮೂರು ಸೈಕಲ್ ಆಗಿ ಸ್ಕ್ಯಾನ್‌ನಲ್ಲಿ ಗಡ್ಡೆ ಬೆಳೆದಿಲ್ಲ ಅಂತ ಬಂತು, ಮಗ ಖುಷಿಯಿಂದ ಅಮೆರಿಕಾದ ಅಣ್ಣನಿಗೆ ಸ್ಪೀಕರ್ ಫೋನ್ ಹಾಕಿದ, ಆ ಕಡೆಯಿಂದ "ಡೋಂಟ್ ಸ್ಟಾಪ್ ಡಾಕ್ಟರ್" ಅಂತ ಬಂತು. ರೈಟರ್ ಪುಸ್ತಕ ತೆಗೆದು ನನ್ನ ಮುಂದಿಟ್ರು. "ಗಡ್ಡೆ ನಿಂತಿದೆ ಸರಿ ಸರ್, ಈ ಹಾಜರಿ ಒಂದ್ಸಲ ನೋಡಿ." ಮೂರನೇ ಸೈಕಲ್ ಪೂರ್ತಿ ಇಂಟು, ಸೊನ್ನೆ. ನಾವು ಸಿಸ್‌ಪ್ಲಾಟಿನ್ ಬಿಟ್ವಿ, ಜೆಮ್‌ಸೈಟಬಿನ್ ಡೋಸ್ ಇಳಿಸಿದ್ವಿ, ರೈಟ್ ಮಾರ್ಕು ವಾಪಸ್ ಬಂತು, ಇನ್ನೆರಡು ಸೈಕಲ್ ಆದ್ಮೇಲೆ ಕಾಫಿ ಕುಯ್ಲು ಶುರುವಾಯ್ತು, ಅವರೇ ಸಾಕು ಅಂದ್ರು. ಅಮೆರಿಕಾದ ಮಗನಿಗೆ ಸಮಾಧಾನ ಹೇಳೋದಕ್ಕೆ ನನಗೆ ಜಾಸ್ತಿ ಹೊತ್ತು ಹಿಡೀತು. ದೂರ ಇರೋ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಮಾಡೋಕೆ ಇನ್ನೇನೂ ಇರಲ್ಲ ಪಾಪ.

ನಿಲ್ಲಿಸಿದ್ಮೇಲೆ ನಾವೇನೂ ಕೈಕಟ್ಟಿ ಕೂರಲ್ಲ. ಪ್ಲಾಸ್ಟಿಕ್ ಸ್ಟೆಂಟ್ ಆದ್ರೆ ಸುಮಾರು ಮೂರು ತಿಂಗಳಿಗೊಮ್ಮೆ ಬದಲಾಯಿಸ್ಬೇಕು, ಚಳಿಜ್ವರ ಬಂದ್ರೆ ಅದು ಕಟ್ಕೊಂಡಿರಬಹುದು, ಕಾಯದೆ ಓಡಿ ಬನ್ನಿ. ತುರಿಕೆಗೆ ಔಷಧಿ ಇದೆ, ನೋವಿಗೆ ಮಾರ್ಫಿನ್ ಇದೆ, ಹೊಟ್ಟೆಯಲ್ಲಿ ನೀರು ತುಂಬಿದ್ರೆ ತೆಗೀಬಹುದು. ಬೆಂಗಳೂರಿನ ಕರುಣಾಶ್ರಯ ಅನ್ನೋ ಆರೈಕೆ ಕೇಂದ್ರದಲ್ಲಿ ಈ ಹಂತದ ಆರೈಕೆ ದುಡ್ಡಿಲ್ಲದೆ ಸಿಗುತ್ತೆ. ಇನ್ನು ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರೋರಿಗೆ ಕೀಮೋದಿಂದ ಲಾಭಕ್ಕಿಂತ ತೊಂದರೆನೇ ಜಾಸ್ತಿ ಆಗೋ ಸಾಧ್ಯತೆ, ಅವರಿಗೆ ಮೊದಲಿಂದಲೇ ಇದೇ ದಾರಿ ಅಂತ ಹೇಳ್ತೀನಿ.

ಹಾಗಂತ ಇದನ್ನ ಓದಿ ಯಾರೂ ಬೇರೆ ಕ್ಯಾನ್ಸರ್‌ಗೆ ಲೆಕ್ಕ ಹಾಕ್ಬೇಡಿ. ವೃಷಣದ ಕ್ಯಾನ್ಸರ್, ಕೆಲವು ಲಿಂಫೋಮಾ ಎಲ್ಲಾ ಹರಡಿದ್ರೂ ಕೀಮೋದಿಂದ ವಾಸಿ ಆಗುತ್ತೆ, ಅಲ್ಲಿ ನಿಲ್ಲಿಸ್ತೀನಿ ಅಂದ್ರೆ ನಾನೇ ಬೈತೀನಿ.

ಸೆಕೆಂಡ್ ಒಪಿನಿಯನ್‌ಗೆ ಬರೋರು ಸ್ಕ್ಯಾನ್ ಸಿಡಿ, ಬಯಾಪ್ಸಿ ಬ್ಲಾಕ್, ಡಿಸ್ಚಾರ್ಜ್ ಸಮ್ಮರಿ ತನ್ನಿ, ವಾಟ್ಸಾಪ್‌ನಲ್ಲಿ ಅರ್ಧ ಕಾಣೋ ಫೋಟೋ ಸಾಲದು. ಮತ್ತೆ ಆ ಬೆಂಚ್ ಮೇಲೆ ಕೂತಿರೋರನ್ನೂ ಒಳಗೆ ಕರ್ಕೊಂಡ್ ಬನ್ನಿ, ಎಷ್ಟು ಗೊತ್ತಾಗ್ಬೇಕು ಅಂತ ಅವರನ್ನೇ ಕೇಳ್ತೀನಿ. ಎಷ್ಟೋ ಜನಕ್ಕೆ ಆಗಲೇ ಗೊತ್ತಿರುತ್ತೆ, ಫೈಲ್ ಮೇಲೆ ಆಂಕಾಲಜಿ, ಅಂದ್ರೆ ಕ್ಯಾನ್ಸರ್ ವಿಭಾಗ, ಅಂತ ಬರೆದಿರೋದನ್ನ ಓದ್ಕೊಂಡೇ ಕೂತಿರ್ತಾರೆ.