ನೋವಿಲ್ಲದ ಗಂಟನ್ನೇ ಮೊದಲು ತೋರಿಸಿ

"ನೋವೇ ಇರಲಿಲ್ಲ ಡಾಕ್ಟ್ರೇ, ಅದಕ್ಕೆ ಸುಮ್ನಿದ್ದೆ." ಸ್ತನದಲ್ಲಿ ಗಂಟು ಇಟ್ಟುಕೊಂಡು ತಡವಾಗಿ ಬರುವ ಹೆಂಗಸರಿಂದ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಅವರನ್ನು ದೂರುವ ಹಾಗೂ ಇಲ್ಲ. ನೋವಾದರೆ ಮಾತ್ರ ಕಾಯಿಲೆ ಅಂತಲೇ ನಾವೆಲ್ಲ ಬೆಳೆದಿದ್ದೇವೆ.

ನನ್ನ ಒಪಿಡಿಯಲ್ಲಿ ಕಾಣುವುದು ಇದರ ಉಲ್ಟಾ. ಮುಟ್ಟಿಗೆ ಮೊದಲು ಎರಡೂ ಸ್ತನ ಭಾರವಾಗಿ ನೋಯುತ್ತವೆ ಅನ್ನುವವರು ಹೆದರಿ ಬೇಗ ಬರುತ್ತಾರೆ. ಅವರಲ್ಲಿ ಬಹುತೇಕರಿಗೆ ಅದು ಬರೀ ಹಾರ್ಮೋನಿನ ಏರಿಳಿತ, ಧೈರ್ಯ ಹೇಳಿ ಕಳಿಸುತ್ತೇವೆ. ಒಂದೇ ಸ್ತನದಲ್ಲಿ ಗಟ್ಟಿಯಾಗಿ, ನೋವಿಲ್ಲದೆ ಕೂತ ಗಂಟು ಮಾತ್ರ ಮನೆಯಲ್ಲೇ ಉಳಿಯುತ್ತದೆ. ಮಗಳ ಬಾಣಂತನ ಮುಗೀಲಿ, ಹತ್ತಿ ಬಿಡಿಸೋದು ಆಗಲಿ, ಮಗನ ಪರೀಕ್ಷೆ ಕಳೀಲಿ ಅಂತ ದಿನ ಹೋಗುತ್ತದೆ. ಯಾರೋ ಹೇಳಿದರು ಅಂತ ಸೊಪ್ಪು ಅರೆದು ಕಟ್ಟುತ್ತಾರೆ. ಗಂಡನಿಗೆ ಹೇಳುವುದು ಎಲ್ಲರಿಗಿಂತ ಕೊನೆಗೆ. ಗಂಡು ಡಾಕ್ಟರ್ ಮುಂದೆ ಸೆರಗು ಸರಿಸುವುದು ಹೇಗೆ ಅನ್ನುವ ಸಂಕೋಚ ಬೇರೆ. ನರ್ಸ್ ಜೊತೆಗಿರಲಿ ಅಂತ ಕೇಳಬಹುದು, ಅದು ನಿಮ್ಮ ಹಕ್ಕು. ಹೆಂಗಸಾದ ನನ್ನ ಹತ್ತಿರವೇ ಮೊದಲು ಬೆನ್ನು ನೋವು ಅಂತ ಶುರು ಮಾಡಿ, ಏಳುವ ಹೊತ್ತಿಗೆ "ಇನ್ನೊಂದು ಇತ್ತು..." ಅನ್ನುವವರಿದ್ದಾರೆ.

ಈ ತಡದ ಬೆಲೆ ಲೆಕ್ಕದಲ್ಲೂ ಕಾಣುತ್ತದೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಇಡೀ ಜಗತ್ತಿನಲ್ಲಿ ಹೊಸ ರೋಗಿಗಳು 23 ಲಕ್ಷ, ಸಾವು 6.7 ಲಕ್ಷ. ತೀರಿಕೊಂಡವರೆಲ್ಲ ಅದೇ ವರ್ಷ ಪತ್ತೆಯಾದವರಲ್ಲ, ನಿಜ. ಆದರೂ ಹೊಸ ರೋಗಿಗಳ ಎದುರು ಸಾವಿನ ಲೆಕ್ಕ ಹಾಕಿದರೆ, ಜಗತ್ತಿನಲ್ಲಿ ಮೂರಕ್ಕೊಂದಕ್ಕಿಂತ ಕಡಿಮೆ ಇರುವ ಪ್ರಮಾಣ ನಮ್ಮಲ್ಲಿ ಅರ್ಧ ದಾಟಿದೆ. ನಾವು ತಡವಾಗಿ ಬರುತ್ತೇವೆ, ಚಿಕಿತ್ಸೆ ಅರ್ಧಕ್ಕೆ ಬಿಡುತ್ತೇವೆ. ದೊಡ್ಡ ಕಾರಣಗಳು ಇವೇ. ಇನ್ನೊಂದು ವಿಷಯ, ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಈ ಕಾಯಿಲೆ ಕಡಿಮೆ ವಯಸ್ಸಿಗೇ ಬರುತ್ತದೆ. ನಲವತ್ತೈದು, ಐವತ್ತರ ಆಸುಪಾಸಿನವರೇ ಜಾಸ್ತಿ.

ಹಾಗಾದರೆ ಯಾವುದನ್ನು ತೋರಿಸಬೇಕು? ಹೊಸದಾಗಿ ಸಿಕ್ಕಿದ ಯಾವ ಗಂಟನ್ನಾದರೂ. ಸ್ತನದಲ್ಲಿದ್ದರೂ ಸರಿ, ಕಂಕುಳಲ್ಲಿದ್ದರೂ ಸರಿ. ಮೊದಲು ಸರಿಯಿದ್ದ ತೊಟ್ಟು ಒಳಗೆ ಎಳೆದುಕೊಂಡಿದ್ದರೆ, ಒಂದೇ ತೊಟ್ಟಿನಿಂದ ತಾನಾಗಿ ರಕ್ತದಂಥ ನೀರು ಬಂದರೆ, ಚರ್ಮದಲ್ಲಿ ಗುಳಿ ಬಿದ್ದರೆ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ದಪ್ಪಗಾದರೆ, ತೊಟ್ಟಿನ ಮೇಲಿನ ಕಜ್ಜಿ ಮುಲಾಮಿಗೂ ಬಗ್ಗದಿದ್ದರೆ ತಡ ಮಾಡಬೇಡಿ. ಹಾಲೂಡಿಸುವ ತಾಯಂದಿರಿಗೆ ಒಂದು ಮಾತು. ಹಾಲು ಕಟ್ಟಿದ ಗಂಟು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಎರಡು ವಾರವಾದರೂ ಹಾಗೇ ಇದ್ದರೆ ಸ್ಕ್ಯಾನ್ ಮಾಡಿಸಿ. ಮಗುವಿಗೆ ಹಾಲು ಬಿಡಿಸಬೇಕಿಲ್ಲ.

ಹೆದರುವ ಮುಂಚೆ ಇದನ್ನೂ ಕೇಳಿ. ಸ್ತನದ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಇಪ್ಪತ್ತರ ಹುಡುಗಿಯರಲ್ಲಿ ಬೆರಳಿಗೆ ಸಿಕ್ಕಿದರೂ ಜಾರಿಕೊಳ್ಳುವ ಗಂಟು ಸಾಮಾನ್ಯವಾಗಿ ಫೈಬ್ರೊಅಡಿನೋಮ, ನಿರುಪದ್ರವಿ. ಆದರೆ ಯಾವುದು ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಲು ಬರುವುದಿಲ್ಲ.

ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸ್ತನ ಪರೀಕ್ಷೆ ಮಾಡಿಕೊಳ್ಳಿ ಅಂತ ಹೇಳುವ ಪೋಸ್ಟರ್‌ಗಳನ್ನು ನೀವು ನೋಡಿರುತ್ತೀರಿ. ನಾನು ಅದಕ್ಕೆ ಅಷ್ಟು ಒತ್ತು ಕೊಡುವುದಿಲ್ಲ. ಚೀನಾದ ಶಾಂಘೈಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜವಳಿ ಕಾರ್ಮಿಕ ಮಹಿಳೆಯರನ್ನು ಹತ್ತು ವರ್ಷದಷ್ಟು ಕಾಲ ಗಮನಿಸಿದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಸ್ವಯಂ ಪರೀಕ್ಷೆ ಕಲಿತ ಗುಂಪಿನಲ್ಲಿ ಸಾವು ಕಡಿಮೆಯಾಗಲಿಲ್ಲ, ಬೇಡದ ಬಯಾಪ್ಸಿಗಳು, ಅಂದರೆ ಗಂಟಿನ ಚೂರು ತೆಗೆದು ನೋಡುವ ಪರೀಕ್ಷೆಗಳು, ಮಾತ್ರ ಜಾಸ್ತಿಯಾದವು. ಹಾಗಂತ ಮೈ ಕಡೆ ಗಮನವೇ ಬೇಡ ಅಂತಲ್ಲ. ಗಂಟು ಸಿಗುವುದು ಸ್ನಾನ ಮಾಡುವಾಗ, ರವಿಕೆ ಹಾಕುವಾಗ. ನಿಮ್ಮ ಸ್ತನ ಸಾಮಾನ್ಯವಾಗಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಿರಲಿ, ಬದಲಾದಾಗ ಬನ್ನಿ. ಅಷ್ಟು ಸಾಕು.

ನಮ್ಮ ದೇಶಕ್ಕೆ ಹತ್ತಿರದ ಸಾಕ್ಷಿ ಮುಂಬೈನದು. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಸುಮಾರು ಒಂದೂವರೆ ಲಕ್ಷ ಬಡ ಮಹಿಳೆಯರ ನಡುವೆ ಒಂದು ಪ್ರಯೋಗ ಶುರು ಮಾಡಿದರು. ಅರ್ಧದಷ್ಟು ಮಂದಿಯ ಸ್ತನಗಳನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಐವತ್ತು ದಾಟಿದವರ ಸಾವು ಸುಮಾರು 30% ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಸಾವಿನ ಸಂಖ್ಯೆ ಇಳಿಯಲಿಲ್ಲ, ಆದರೆ ಒಟ್ಟಾರೆ ಕಾಯಿಲೆ ಬೇಗನೆ ಪತ್ತೆಯಾಯಿತು. ಯಂತ್ರ ಇಲ್ಲದೆ, ಬರೀ ಕಲಿತ ಕೈಗಳಿಂದ! 2016ರ ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. ನನ್ನ ಪ್ರಕಾರ ಐದು ವರ್ಷ ದೂರವಾಯಿತು. ಆದರೆ ಅಷ್ಟಾದರೂ ಆಗುತ್ತಿದೆಯಾ? ಆರೋಗ್ಯ ಕೇಂದ್ರದಲ್ಲಿ ಬರೀ ಬಿಪಿ, ಶುಗರ್ ನೋಡಿ ಕಳಿಸಿದರೆ "ಎದೆನೂ ನೋಡಿ ಸಿಸ್ಟರ್" ಅಂತ ನೀವೇ ಕೇಳಿ.

ಈಗ ಬಯಾಪ್ಸಿಯ ಸೂಜಿಯ ವಿಷಯ. "ಸೂಜಿ ಚುಚ್ಚಿದ್ರೆ ಕೆರಳಿ ಹರಡುತ್ತೆ" ಅಂತ ಓದಿದವರೂ ನಂಬುತ್ತಾರೆ. ಹರಡುವುದಿಲ್ಲ. ನಾವು ಮೊದಲು ಮಧ್ಯದ ಮೂರು ಬೆರಳುಗಳ ಮೆತ್ತನೆಯ ಭಾಗದಿಂದ ಎರಡೂ ಸ್ತನ, ಎರಡೂ ಕಂಕುಳು ಮುಟ್ಟಿ ನೋಡುತ್ತೇವೆ. ಆಮೇಲೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಅಥವಾ ಅಲ್ಟ್ರಾಸೌಂಡ್. ಚಿಕ್ಕ ವಯಸ್ಸಿನವರ ಸ್ತನ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಮ್‌ನಲ್ಲಿ ಎಲ್ಲವೂ ಕಾಣುವುದಿಲ್ಲ. ಹಾಗಾಗಿ ಕೈಗೆ ಗಂಟು ಸಿಗುತ್ತಿದ್ದರೆ, ಮ್ಯಾಮೊಗ್ರಾಮ್ ನಾರ್ಮಲ್ ಬಂತು ಅಂತ ಅಲ್ಲಿಗೇ ಬಿಡಬೇಡಿ. ಬಯಾಪ್ಸಿ ಅಂದರೆ ಇಷ್ಟೇ: ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್, ಸೂಜಿ ತೂರುವಷ್ಟು ಚಿಕ್ಕ ಗೀರು, ಒಳಗೆ ಬಯಾಪ್ಸಿ ಗನ್ನಿನ ಸೂಜಿ. ಟಕ್ ಅಂತ ಶಬ್ದ ಬರುತ್ತದೆ, ಸ್ಟೇಪ್ಲರ್ ಒತ್ತಿದ ಹಾಗೆ. ಶಬ್ದಕ್ಕೆ ಬೆಚ್ಚಿಬೀಳುವವರೇ ಜಾಸ್ತಿ, ಅದಕ್ಕೆ ನಾನು ಮೊದಲೇ ಗಾಳಿಯಲ್ಲಿ ಒಮ್ಮೆ ಟಕ್ ಅನ್ನಿಸಿ ಕೇಳಿಸುತ್ತೇನೆ. ಶ್ಯಾವಿಗೆ ಎಳೆಯಷ್ಟು ತೆಳ್ಳಗಿನ ತುಣುಕುಗಳು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಬಾಟಲಿಗೆ ಹೋಗುತ್ತವೆ. ಹತ್ತು ನಿಮಿಷ ಒತ್ತಿ ಹಿಡಿದು, ಪಟ್ಟಿ ಹಾಕಿ, ಕಾಫಿ ಕುಡಿದು ಬಸ್ಸು ಹತ್ತಬಹುದು.

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಸೂಜಿ ಪರೀಕ್ಷೆ ಮಾಡದೆ "ಚಿಕ್ಕ ಗಂಟು, ತೆಗೆದುಬಿಡೋಣ" ಅಂತ ಆಪರೇಷನ್ ಮಾಡಿ, ತೆಗೆದದ್ದನ್ನು ಪರೀಕ್ಷಿಸುವ ಪ್ಯಾಥಾಲಜಿ ಲ್ಯಾಬಿಗೂ ಕಳಿಸದೆ ಬಿಸಾಡುವವರು ಇನ್ನೂ ಇದ್ದಾರೆ. ಆರು ತಿಂಗಳಿಗೆ ಅದೇ ಗಾಯದಲ್ಲಿ ಮತ್ತೆ ಗಂಟು ಬಂದಾಗ ಆ ಹೆಂಗಸರು ನಮ್ಮಲ್ಲಿಗೆ ಬರುತ್ತಾರೆ. ಮೊದಲು ಅಲ್ಲಿ ಏನಿತ್ತು ಅಂತ ಹೇಳಲು ಒಂದು ಚೂರು ಕಾಗದವೂ ಇರುವುದಿಲ್ಲ. ಮೈಯಿಂದ ಯಾವ ಗಂಟು ತೆಗೆದರೂ ರಿಪೋರ್ಟ್ ಕೇಳಿ ಪಡೆಯಿರಿ, ಜೋಪಾನವಾಗಿ ಇಡಿ.

ಕ್ಯಾನ್ಸರ್ ಅಂದರೆ ಸ್ತನವನ್ನೇ ತೆಗೆಯುತ್ತಾರೆ ಅನ್ನುವ ಭಯಕ್ಕೂ ಕಾರಣ ಅಷ್ಟಿಲ್ಲ. ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ಉಂಬೆರ್ಟೊ ವೆರೊನೇಸಿ ಅನ್ನುವ ಸರ್ಜನ್ನರು ತಮ್ಮ ರೋಗಿಗಳನ್ನು ಇಪ್ಪತ್ತು ವರ್ಷ ಗಮನಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಯಿಲೆ ಬೇಗ ಪತ್ತೆಯಾಗಿದ್ದಾಗ, ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಇಡೀ ಸ್ತನ ತೆಗೆದಷ್ಟೇ ಕಾಲ ಬದುಕುತ್ತಾರೆ. ಬೇಗ ಬಂದವರಿಗೆ ಆಯ್ಕೆ ಇರುತ್ತದೆ, ಅಲ್ವಾ?

ಊಟ, ಅಭ್ಯಾಸದ ಬಗ್ಗೆ ಉದ್ದುದ್ದ ಹೇಳುವುದಿಲ್ಲ. ಮುಟ್ಟು ನಿಂತ ಮೇಲೆ ಮೈಯ ಕೊಬ್ಬೇ ಈಸ್ಟ್ರೋಜನ್ ತಯಾರಿಸುತ್ತದೆ, ಬಹಳಷ್ಟು ಸ್ತನ ಕ್ಯಾನ್ಸರ್ ಬೆಳೆಯಲು ಇಂಬು ಕೊಡುವ ಹಾರ್ಮೋನ್ ಅದು. ಅದಕ್ಕೇ ಆ ವಯಸ್ಸಿನಲ್ಲಿ ತೂಕ ಏರದಂತೆ ನೋಡಿಕೊಳ್ಳಬೇಕು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಮನೆಗೆಲಸದಲ್ಲೇ ಓಡಾಡ್ತೀನಲ್ಲ ಅನ್ನುವವರಿಗೆ ನನ್ನ ಪ್ರಶ್ನೆ ಒಂದೇ, ಏದುಸಿರು ಬರುತ್ತಾ? ಮದ್ಯ ಅಪಾಯ ಹೆಚ್ಚಿಸುತ್ತದೆ, ಸ್ವಲ್ಪ ಕುಡಿದರೂ. ಎದೆಹಾಲು ಕುಡಿಸಿದಷ್ಟೂ ಅಪಾಯ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಬಿಗಿ ಬ್ರಾದಿಂದ ಕ್ಯಾನ್ಸರ್ ಬರುವುದಿಲ್ಲ. ಇಷ್ಟೆಲ್ಲ ಪಾಲಿಸಿದವರಿಗೂ ಕಾಯಿಲೆ ಬರುತ್ತದೆ, ಆಗ "ನಾನೇನು ತಪ್ಪು ಮಾಡಿದೆ?" ಅಂತ ಕೇಳುತ್ತಾರೆ. ಏನೂ ಮಾಡಿಲ್ಲ. ತಾಯಿಗೆ, ಅಕ್ಕ ತಂಗಿಯರಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ಮಾತ್ರ ಮೊದಲೇ ಹೇಳಿ, ನಿಮ್ಮ ತಪಾಸಣೆ ಬೇರೆ ಥರ ಇರುತ್ತದೆ.

ಬೆಂಗಳೂರಿನ ಕಿದ್ವಾಯಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ರೇಷನ್ ಕಾರ್ಡು, ಆಧಾರ್, ಹಳೆಯ ರಿಪೋರ್ಟುಗಳು, ಬಯಾಪ್ಸಿಯ ಸ್ಲೈಡು (ಗಾಜಿನ ಪಟ್ಟಿ) ಮತ್ತು ಬ್ಲಾಕು (ತುಣುಕು ಇಟ್ಟ ಮೇಣದ ಗಟ್ಟಿ) ಎಲ್ಲ ಒಯ್ಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಇನ್ನು ಹಾರ್ಮೋನಿನ ಬಲದಿಂದ ಬೆಳೆಯುವ ಬಗೆಯ ಕ್ಯಾನ್ಸರ್ ಆಗಿದ್ದರೆ ಕೊನೆಯಲ್ಲಿ ಟಮಾಕ್ಸಿಫೆನ್‌ನಂಥ ಮಾತ್ರೆ ಬರೆದುಕೊಡುತ್ತಾರೆ, ದಿನಕ್ಕೆ ಒಂದು, ಕಡಿಮೆ ಅಂದರೂ ಐದು ವರ್ಷ. ಎರಡನೇ ವರ್ಷಕ್ಕೆ "ಈಗ ಚೆನ್ನಾಗಿದ್ದೀನಲ್ಲ" ಅಂತ ನಿಲ್ಲಿಸುವವರು ಬಹಳ. ಮೈ ಬಿಸಿಯಾಗುವುದು, ಬೆವರುವುದು ತಡೆಯಲು ಆಗದಿದ್ದರೆ ಬಂದು ಹೇಳಿ, ಅದಕ್ಕೆ ದಾರಿ ಇದೆ. ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ.